ಹವಳದ ಅಸ್ಥಿಪಂಜರದಲ್ಲಿ ಸಮುದ್ರದ ಬಿಸಿಯ ಲೆಕ್ಕ: ಎಷ್ಟು ನಂಬಬಹುದು?

ಕಡಲತಡಿ
ಎಲ್ಲರಿಗೂ ನಮಸ್ಕಾರ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಬಗ್ಗೆ ಓದಿದೆ. ಗ್ರೇಟ್ ಬ್ಯಾರಿಯರ್ ರೀಫ್ ಇರುವ ಕೋರಲ್ ಸಮುದ್ರದಲ್ಲಿ ಆ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಇದ್ದ ಬಿಸಿ, ಕಳೆದ 400 ವರ್ಷಗಳಲ್ಲೇ ಅತಿ ಹೆಚ್ಚಂತೆ. 400 ವರ್ಷದ ಹಿಂದೆ ಅಲ್ಲಿ ನೀರಿನ ಬಿಸಿ ಅಳೆದವರು ಯಾರೂ ಇಲ್ಲ. ಲೆಕ್ಕ ಸಿಕ್ಕಿದ್ದು ಹವಳದ ಅಸ್ಥಿಪಂಜರದ ರಸಾಯನದಿಂದ.

ನನ್ನ ಅನುಮಾನ ಇಷ್ಟೇ. ಹವಳ ಒಂದು ಪ್ರಾಣಿ. ಅದಕ್ಕೂ ಹಸಿವು, ಕಾಯಿಲೆ, ದಣಿವು ಇರುತ್ತದೆ. ಅದು ಕಟ್ಟಿಕೊಂಡ ಸುಣ್ಣದಲ್ಲಿ ಸಮುದ್ರದ ಬಿಸಿ ಎಷ್ಟು, ಪ್ರಾಣಿಯ ಸ್ಥಿತಿ ಎಷ್ಟು ಅಂತ ಬೇರೆ ಮಾಡುವುದು ಹೇಗೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ನಾನು ರಸಾಯನಶಾಸ್ತ್ರ ಪಾಠ ಮಾಡುತ್ತೇನೆ, ಹಾಗಾಗಿ ಅಂಕಿಸಂಖ್ಯೆ ಹಾಕಿ ಬರೆದರೂ ತೊಂದರೆ ಇಲ್ಲ.

ಅರಾಗೋನೈಟ್
ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ ಸರ್. ನಾನು ಕೆಲಸ ಮಾಡುವುದು ಇದೇ ಪುಡಿಗಳ ಜೊತೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೆಚ್ಚಾಗಿ ಬಳಸುವುದು ಪೊರೈಟಿಸ್ ಜಾತಿಯ ದೊಡ್ಡ ಗುಂಡು ಹವಳಗಳು. ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತವೆ. ನಾಲ್ಕು ಮೀಟರ್ ಎತ್ತರದ ಗುಂಡು ಸಿಕ್ಕರೆ ಅದರಲ್ಲಿ ಮುನ್ನೂರು, ನಾನೂರು ವರ್ಷ ಇರುತ್ತದೆ. ಮೇಲಿಂದ ಕೆಳಗೆ ಕೊರೆದು ಉದ್ದನೆಯ ಕೋರ್ ತೆಗೆಯುತ್ತಾರೆ. ಅದನ್ನು ತೆಳ್ಳಗೆ ಹಲಗೆಯ ಹಾಗೆ ಕೊಯ್ದು ಎಕ್ಸ್-ರೇ ತೆಗೆದರೆ ದಟ್ಟ ಪಟ್ಟಿ, ತೆಳು ಪಟ್ಟಿ ಒಂದರ ಮೇಲೊಂದು ಕಾಣುತ್ತವೆ. ಒಂದು ಜೋಡಿ ಪಟ್ಟಿ ಅಂದರೆ ಒಂದು ವರ್ಷ.

ಅದು ಒಂದೇ ವರ್ಷ ಅಂತ ಖಚಿತವಾಗಿದ್ದು 1972ರಲ್ಲಿ. ಪೆಸಿಫಿಕ್‌ನ ಎನಿವೆಟಾಕ್ ದ್ವೀಪದಲ್ಲಿ ಅಮೆರಿಕ ಅಣುಬಾಂಬ್ ಪರೀಕ್ಷೆ ಮಾಡಿತ್ತು. ಆ ವಿಕಿರಣದ ಗುರುತು ಅಲ್ಲಿನ ಹವಳಗಳ ಒಳಗೆ ಉಳಿದಿತ್ತು. ಪರೀಕ್ಷೆಯ ತಾರೀಕು ಎಲ್ಲರಿಗೂ ಗೊತ್ತು. ನಟ್ಸನ್, ಬುಡ್ಡೆಮೈಯರ್, ಸ್ಮಿತ್ ಎಂಬ ಮೂವರು ಆ ಗುರುತಿನಿಂದ ಹೊರಗಿನ ಅಂಚಿನವರೆಗೆ ಪಟ್ಟಿ ಎಣಿಸಿದರು. ಲೆಕ್ಕ ಸರಿಹೋಯಿತು. ಅಷ್ಟು ಕೆಟ್ಟ ಕೆಲಸದಿಂದ ಇಷ್ಟು ಉಪಯೋಗದ ವಿಷಯ ಹೊರಬಂತಲ್ಲ ಅಂತ ನನಗೆ ಈಗಲೂ ಒಂದು ಥರಾ ಸಂಕಟ.

ಈಗ ರಸಾಯನಕ್ಕೆ ಬರೋಣ. ಅಸ್ಥಿಪಂಜರ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದರ ಅರಾಗೋನೈಟ್ ರೂಪ. ಅರಾಗೋನೈಟ್ ಹರಳಿನಲ್ಲಿ ಕ್ಯಾಲ್ಸಿಯಂ ಕೂರುವ ಜಾಗ ಸ್ವಲ್ಪ ದೊಡ್ಡದು, ಸುತ್ತ ಒಂಬತ್ತು ಆಕ್ಸಿಜನ್. ಕ್ಯಾಲ್ಸಿಯಂಗಿಂತ ದಪ್ಪಗಿರುವ ಸ್ಟ್ರಾನ್ಷಿಯಂ ಅಲ್ಲಿ ಆರಾಮಾಗಿ ಕೂರುತ್ತದೆ. ಪೊರೈಟಿಸ್‌ನಲ್ಲಿ ಸಾವಿರ ಕ್ಯಾಲ್ಸಿಯಂಗೆ ಸುಮಾರು ಒಂಬತ್ತು ಸ್ಟ್ರಾನ್ಷಿಯಂ ಇರುತ್ತದೆ. ನೀರು ಬಿಸಿಯಾದರೆ ಇದು ಕಡಿಮೆಯಾಗುತ್ತದೆ, ತಣ್ಣಗಾದರೆ ಜಾಸ್ತಿಯಾಗುತ್ತದೆ. ಒಂದು ಡಿಗ್ರಿಗೆ ಬದಲಾವಣೆ ಸಾವಿರಕ್ಕೆ 0.06ರಷ್ಟು. ಅಂದರೆ ನೀರು ಮೂರು ಡಿಗ್ರಿ ಕಾದಾಗ 9.00 ಇದ್ದದ್ದು 8.82 ಆಗುತ್ತದೆ. ಅಷ್ಟೇ.

ಸ್ಟ್ರಾನ್ಷಿಯಂನ ದೊಡ್ಡ ಅನುಕೂಲ ಏನೆಂದರೆ, ಸಮುದ್ರದ ನೀರಿನಲ್ಲಿ ಅದರ ಮತ್ತು ಕ್ಯಾಲ್ಸಿಯಂನ ಪ್ರಮಾಣ ಸಾವಿರಾರು ವರ್ಷ ಕಳೆದರೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಎರಡೂ ಸಮುದ್ರದಲ್ಲಿ ಲಕ್ಷಾಂತರ ವರ್ಷ ಉಳಿಯುವ ಧಾತುಗಳು. ಹಾಗಾಗಿ ಅಸ್ಥಿಪಂಜರದಲ್ಲಿ ಬದಲಾವಣೆ ಕಂಡರೆ ಮೊದಲು ಬಿಸಿಯನ್ನೇ ಅನುಮಾನಿಸಬಹುದು.

ಮಲ್ಪೆಹುಡುಗ
ಮೇಡಂ, ಉಂಗುರಕ್ಕೆ ಹಾಕುವ ಕೆಂಪು ಹವಳದಲ್ಲೂ ಹೀಗೇ ಬಿಸಿಯ ಲೆಕ್ಕ ಸಿಗುತ್ತದಾ? ನಮ್ಮ ಅಜ್ಜಿಯದ್ದು ಒಂದು ಹಳೇ ಸರ ಇದೆ.

ಅರಾಗೋನೈಟ್
ಅದು ಬೇರೆ ಜೀವಿ ತಮ್ಮಾ. ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ್ದು. ಅದರ ಸುಣ್ಣ ಅರಾಗೋನೈಟ್ ಅಲ್ಲ, ಮೆಗ್ನೀಸಿಯಂ ಜಾಸ್ತಿ ಇರುವ ಕ್ಯಾಲ್ಸೈಟ್. ಕ್ಯಾಲ್ಸೈಟ್‌ನಲ್ಲಿ ಕ್ಯಾಲ್ಸಿಯಂನ ಜಾಗ ಚಿಕ್ಕದು, ಆದ್ದರಿಂದ ಸಣ್ಣ ಗಾತ್ರದ ಮೆಗ್ನೀಸಿಯಂ ಸುಲಭವಾಗಿ ಒಳಗೆ ಬರುತ್ತದೆ, ಸ್ಟ್ರಾನ್ಷಿಯಂ ಅಷ್ಟಾಗಿ ಬರುವುದಿಲ್ಲ. ಬೆಳವಣಿಗೆಯೂ ತುಂಬಾ ನಿಧಾನ. ಅಜ್ಜಿಯ ಸರವನ್ನು ಹಾಗೇ ಜೋಪಾನವಾಗಿ ಇಡಿ.

ಲೆಕ್ಕಿಗ
ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಒಂದು ಡಿಗ್ರಿಗೆ ನೂರಕ್ಕೆ ಒಂದು ಭಾಗವೂ ಬದಲಾಗುವುದಿಲ್ಲ ಅಂದಿರಿ. ನಾನು ಹುಡುಕಿ ನೋಡಿದಾಗ ಆ 0.06 ಕೂಡ ಒಂದೇ ಅಲ್ಲ. ಕೆಲವರಿಗೆ 0.04 ಬಂದಿದೆ, ಇನ್ನು ಕೆಲವರಿಗೆ 0.08. ಒಂದೇ ರೀಫ್‌ನಲ್ಲಿ ಅಕ್ಕಪಕ್ಕ ಇರುವ ಎರಡು ಹವಳ ಬೇರೆ ಬೇರೆ ಸಂಖ್ಯೆ ಕೊಡುತ್ತವೆ. ಪ್ರತಿ ಹವಳಕ್ಕೂ ಬೇರೆ ಸೂತ್ರ ಬೇಕಾದರೆ ಅದು ಅಳತೆ ಹೇಗಾಗುತ್ತದೆ? ಬೇಜಾರು ಮಾಡಿಕೊಳ್ಳಬೇಡಿ, ನಿಜಕ್ಕೂ ತಿಳಿದುಕೊಳ್ಳಬೇಕು ಅಂತಲೇ ಕೇಳುತ್ತಿದ್ದೇನೆ.

ಅರಾಗೋನೈಟ್
ಬೇಜಾರು ಯಾಕೆ, ಈ ಕ್ಷೇತ್ರದ ಅರ್ಧ ಕೆಲಸ ನಡೆಯುತ್ತಿರುವುದೇ ಈ ಪ್ರಶ್ನೆಯ ಮೇಲೆ.

ಹವಳ ಸಮುದ್ರದ ನೀರಿನಿಂದ ನೇರವಾಗಿ ಸುಣ್ಣ ಕಟ್ಟುವುದಿಲ್ಲ. ಅದರ ಮಾಂಸದ ತಳಕ್ಕೂ ಹಳೆಯ ಅಸ್ಥಿಪಂಜರಕ್ಕೂ ನಡುವೆ ಬಹಳ ಸಣ್ಣ ಸಂದು ಇರುತ್ತದೆ. ಸಮುದ್ರದ ನೀರು ಅಲ್ಲಿಗೆ ಸೋರಿಕೊಂಡು ಬರುತ್ತದೆ. ಹವಳ ಒಂದು ಪಂಪ್ ಕಿಣ್ವವನ್ನು ಓಡಿಸಿ ಕ್ಯಾಲ್ಸಿಯಂ ಅನ್ನು ಒಳಗೆ ತಳ್ಳುತ್ತದೆ, ಹೈಡ್ರೋಜನ್ ಅಯಾನುಗಳನ್ನು ಹೊರಗೆ ಹಾಕುತ್ತದೆ. ಹೊರಗಿನ ನೀರಿನ ಪಿಎಚ್ ಸುಮಾರು 8.1 ಇದ್ದರೆ ಸಂದಿನೊಳಗೆ 8.4, 8.5ರ ಸುತ್ತ ಇರುತ್ತದೆ. ಅಲ್ಲಿ ಕಾರ್ಬೊನೇಟ್ ಸಾಂದ್ರತೆ ಏರಿ ಹರಳು ಬೇಗ ಕಟ್ಟುತ್ತದೆ. ಈ ಪಂಪ್ ಓಡಲು ಶಕ್ತಿ ಬೇಕು. ಆ ಶಕ್ತಿ ಬಹುಪಾಲು ಬರುವುದು ಹವಳದ ಮಾಂಸದೊಳಗೆ ಬದುಕುವ ಪಾಚಿಯಿಂದ. ಪಾಚಿಗೆ ಬೆಳಕು ಬೇಕು. ನೋಡಿ, ಬೆಳಕು, ಆಹಾರ, ಆರೋಗ್ಯ ಎಲ್ಲವೂ ಆ ಸಂದಿಗೆ ಬಂದು ಸೇರಿದವು, ಅಲ್ವಾ? ಕಡಲತಡಿ ಸರ್ ಅನುಮಾನಪಟ್ಟಿದ್ದೂ ಇದನ್ನೇ.

ಈಗ ಸ್ಟ್ರಾನ್ಷಿಯಂ. ಪಾಯಸ ಬಡಿಸುವಾಗ ಪ್ರತಿ ಸೌಟಿನಲ್ಲೂ ಗೋಡಂಬಿ ಅದರ ಪಾಲಿಗಿಂತ ಸ್ವಲ್ಪ ಜಾಸ್ತಿ ಹೋದರೆ, ಕೊನೆಯ ಪಂಕ್ತಿಗೆ ಗೋಡಂಬಿ ಕಮ್ಮಿಯಾಗುತ್ತದೆ. ಸಂದಿನಲ್ಲಿ ನಡೆಯುವುದೂ ಹಾಗೇ. ಅರಾಗೋನೈಟ್ ಸ್ಟ್ರಾನ್ಷಿಯಂ ಅನ್ನು ತನ್ನ ಪಾಲಿಗಿಂತ ಒಂಚೂರು ಹೆಚ್ಚು ಎಳೆದುಕೊಳ್ಳುತ್ತದೆ. ಒಂದು ಸಲ ಬಂದ ನೀರಿನಿಂದ ಜಾಸ್ತಿ ಸುಣ್ಣ ಕಟ್ಟಿದಷ್ಟೂ ಉಳಿದ ನೀರಿನಲ್ಲಿ, ಅದರಿಂದ ಮುಂದೆ ಕಟ್ಟುವ ಸುಣ್ಣದಲ್ಲೂ, ಸ್ಟ್ರಾನ್ಷಿಯಂ ಇಳಿಯುತ್ತದೆ. ಮೆಗ್ನೀಸಿಯಂ ಅನ್ನು ಅರಾಗೋನೈಟ್ ಹತ್ತಿರಕ್ಕೇ ಸೇರಿಸುವುದಿಲ್ಲ, ಅದು ನೀರಿನಲ್ಲೇ ಉಳಿದು ಅದರ ಪ್ರಮಾಣ ಏರುತ್ತದೆ. ಹಾಗಾಗಿ ಒಂದು ಇಳಿದಲ್ಲಿ ಇನ್ನೊಂದು ಏರುತ್ತದೆ.

ಬೇಸಿಗೆಯಲ್ಲಿ ಹವಳ ಚುರುಕಾಗಿ ಸುಣ್ಣ ಕಟ್ಟುತ್ತದೆ. ಅಂದರೆ ಬಿಸಿಯ ನೇರ ಪರಿಣಾಮಕ್ಕೆ ಪ್ರಾಣಿಯ ಪರಿಣಾಮವೂ ಸೇರಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಪ್ರಾಣಿಯೇ ಇಲ್ಲದೆ ಅರಾಗೋನೈಟ್ ಮಾಡಿದರೂ ಬಿಸಿಗೆ ಸ್ಟ್ರಾನ್ಷಿಯಂ ಇಳಿಯುತ್ತದೆ, ಆದರೆ ಹವಳದಲ್ಲಿ ಇಳಿಯುವಷ್ಟು ಕಡಿದಾಗಿ ಇಳಿಯುವುದಿಲ್ಲ. ಉಳಿದದ್ದು ಹವಳ ಸೇರಿಸಿದ್ದು. ಪ್ರತಿ ಹವಳಕ್ಕೂ ಸೂತ್ರ ಸ್ವಲ್ಪ ಬೇರೆಯಾಗುವುದು ಇದಕ್ಕೇ.

ಇದಕ್ಕೆ ಪರಿಹಾರ ಹುಡುಕಿದ್ದೂ ಅದೇ ರಸಾಯನದಿಂದ. ಪ್ರಾಣಿಯ ಪರಿಣಾಮ ಎರಡು ಧಾತುಗಳ ಮೇಲೆ ಬೇರೆ ಬೇರೆ ರೀತಿಯಲ್ಲಿ ಬೀಳುತ್ತದೆ ಅಂದಮೇಲೆ ಎರಡನ್ನೂ ಅಳೆದು ಆ ಪಾಲನ್ನು ಕಳೆಯಬಹುದು. ಲೀಥಿಯಂ ಮತ್ತು ಮೆಗ್ನೀಸಿಯಂ ಅನುಪಾತ ಹಾಗೆ ಬಂದದ್ದು. ಸ್ಟ್ರಾನ್ಷಿಯಂ ಜೊತೆ ಯುರೇನಿಯಂ ಸೇರಿಸಿ ಲೆಕ್ಕ ಹಾಕುವ ವಿಧಾನ 2016ರಲ್ಲಿ ಬಂತು.

ಲೆಕ್ಕಿಗ
ಇದು ಅರ್ಥವಾಯಿತು. ಅಳತೆಯ ಕಡೆ? 0.06 ಹಿಡಿಯುವಷ್ಟು ಯಂತ್ರ ನಿಖರವಾಗಿದೆಯಾ?

ಅರಾಗೋನೈಟ್
ಯಂತ್ರ ಹಿಡಿಯುತ್ತದೆ. ನಮಗೆ ತೊಂದರೆ ಕೊಡುವುದು ಯಂತ್ರಕ್ಕಿಂತ ಮುಂಚಿನ ಕೆಲಸ.

ಹಲಗೆಯ ಮೇಲೆ ಸಣ್ಣ ಡ್ರಿಲ್ ಬಿಟ್ಟು ಮಿಲಿಮೀಟರ್‌ಗೆ ಒಂದು, ಕೆಲವೊಮ್ಮೆ ಅದಕ್ಕೂ ಹತ್ತಿರ ಹತ್ತಿರ, ಪುಡಿ ತೆಗೆಯುತ್ತೇವೆ. ಹೆಚ್ಚುಕಮ್ಮಿ ತಿಂಗಳಿಗೊಂದು ಚಿಟಿಕೆ. ಡ್ರಿಲ್ ಹೋಗುವ ದಾರಿ ಹವಳ ನೇರವಾಗಿ ಮೇಲಕ್ಕೆ ಬೆಳೆದ ಸಾಲಿನ ಮೇಲೇ ಇರಬೇಕು. ಓರೆಯಾಗಿ ಬೆಳೆದ, ನಿಧಾನಕ್ಕೆ ಬೆಳೆದ ಬದಿಯಲ್ಲಿ ಕೊರೆದರೆ ಸ್ಟ್ರಾನ್ಷಿಯಂ ಜಾಸ್ತಿ ಬಂದು ನೀರು ಇದ್ದದ್ದಕ್ಕಿಂತ ತಣ್ಣಗಿತ್ತು ಅಂತ ತೋರಿಸುತ್ತದೆ. ಆಮೇಲೆ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಡುವುದು.

ಹಳೆಯ ಹವಳವಾದರೆ ಇನ್ನೊಂದು ತಲೆನೋವು. ಅಸ್ಥಿಪಂಜರದ ರಂಧ್ರಗಳಲ್ಲಿ ಸಮುದ್ರದ ನೀರಿನಿಂದ ಹೊಸ ಅರಾಗೋನೈಟ್ ಸೂಜಿ ಸೂಜಿಯಾಗಿ ಬೆಳೆದಿರುತ್ತದೆ. ಇದನ್ನು ಹವಳ ಕಟ್ಟಿದ್ದಲ್ಲ. ಅದರಲ್ಲಿ ಸ್ಟ್ರಾನ್ಷಿಯಂ ಜಾಸ್ತಿ, ಅಂದರೆ ಲೆಕ್ಕ ತಣ್ಣಗೆ ತೋರಿಸುತ್ತದೆ. ಮಳೆನೀರು ಕಂಡ ಹವಳದಲ್ಲಿ ಅರಾಗೋನೈಟ್ ಕ್ಯಾಲ್ಸೈಟ್ ಆಗಿರುತ್ತದೆ. ಅಲ್ಲಿ ಸ್ಟ್ರಾನ್ಷಿಯಂ ಬಿದ್ದುಹೋಗಿ ಲೆಕ್ಕ ಬಿಸಿ ತೋರಿಸುತ್ತದೆ. ಎರಡೂ ಹಲವು ಡಿಗ್ರಿ ತಪ್ಪು ಕೊಡಬಲ್ಲವು. ಅದಕ್ಕೇ ಮೊದಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಎಕ್ಸ್-ರೇ ವಿವರ್ತನೆಯಲ್ಲಿ ಕ್ಯಾಲ್ಸೈಟ್ ಇದೆಯಾ ಅಂತ ಪರೀಕ್ಷೆ ಮಾಡಿಯೇ ಮುಂದೆ ಹೋಗುವುದು. ಇದನ್ನು ಹೇಳದ ಪ್ರಬಂಧವನ್ನು ನಾನು ನಂಬುವುದಿಲ್ಲ.

ಕೊನೆಗೆ ಒಂದೇ ಹವಳದ ಮೇಲೆ ಯಾರೂ ನಿಲ್ಲಬಾರದು. ಹಲವು ಹವಳ ಕೊರೆದು ನೋಡಬೇಕು. "1700ರಲ್ಲಿ ನೀರು 26.3 ಡಿಗ್ರಿ ಇತ್ತು" ಅಂತ ಯಾರಾದರೂ ಹೇಳಿದರೆ ಅನುಮಾನಪಡಿ. "ಆಗಿನದಕ್ಕಿಂತ ಈಗ ಇಷ್ಟು ಏರಿದೆ" ಅನ್ನುವ ಮಾತು ಅದಕ್ಕಿಂತ ತುಂಬಾ ಗಟ್ಟಿ, ಯಾಕೆಂದರೆ ಹವಳದಿಂದ ಹವಳಕ್ಕೆ ಇರುವ ಸ್ಥಿರ ವ್ಯತ್ಯಾಸ ಅಲ್ಲಿ ಕಳೆದುಹೋಗುತ್ತದೆ. ಕೋರಲ್ ಸಮುದ್ರದ ಆ ಅಧ್ಯಯನಕ್ಕೆ ಬಲ ಬಂದಿದ್ದೂ ಹಲವು ಕೋರ್‌ಗಳನ್ನು ಒಟ್ಟು ಹಾಕಿದ್ದರಿಂದ.

ಬಂದರುರಸ್ತೆ
ಮಂಗಳೂರಿನವನು ನಾನು. ನಮ್ಮ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಹವಳದಲ್ಲಿ ಇಂಥ ಕೆಲಸ ಆಗಿದೆಯಾ? ನಮ್ಮ ಮುಂಗಾರು ಅದರಲ್ಲಿ ಕಾಣುತ್ತದಾ?

ಅರಾಗೋನೈಟ್
ಆಗಿದೆ, ಕಾಣುತ್ತದೆ! 1990ರ ದಶಕದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಸುಪ್ರಿಯೊ ಚಕ್ರವರ್ತಿ ಮತ್ತು ಆರ್. ರಮೇಶ್ ಲಕ್ಷದ್ವೀಪದ ಹವಳದ ಮೇಲೆ ಕೆಲಸ ಮಾಡಿದರು. ಅವರು ನೋಡಿದ್ದು ಆಕ್ಸಿಜನ್. ಆಕ್ಸಿಜನ್-18 ಭಾರದ್ದು, 16 ಹಗುರದ್ದು. ನೀರು ತಣ್ಣಗಾದರೆ ಅಸ್ಥಿಪಂಜರದಲ್ಲಿ ಭಾರದ್ದು ಸ್ವಲ್ಪ ಜಾಸ್ತಿ ಸೇರುತ್ತದೆ, ಒಂದು ಡಿಗ್ರಿಗೆ ಸಾವಿರಕ್ಕೆ 0.2ರಷ್ಟು.

ಲಕ್ಷದ್ವೀಪದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರು 30 ಡಿಗ್ರಿ ಮುಟ್ಟಿ ಅದರ ಮೇಲೂ ಹೋಗುತ್ತದೆ. ಜೂನ್‌ನಲ್ಲಿ ಮುಂಗಾರು ಗಾಳಿ ಬೀಸಿದ ಮೇಲೆ ಕೆಳಗಿನ ತಣ್ಣೀರು ಕಲಕಿ ಮೇಲೆ ಬರುತ್ತದೆ, ಮೋಡ ಬಿಸಿಲನ್ನು ತಡೆಯುತ್ತದೆ. ಆಗಸ್ಟ್ ಹೊತ್ತಿಗೆ ಎರಡು, ಮೂರು ಡಿಗ್ರಿ ಇಳಿದಿರುತ್ತದೆ. ಈ ಇಳಿತವೇ ಹವಳದಲ್ಲಿ ಸಿಕ್ಕಿದ್ದು. ಅಂದರೆ ಕೇರಳ, ಕರಾವಳಿಗೆ ಮಳೆ ತರುವ ಗಾಳಿಯ ಗುರುತು ಅಲ್ಲಿನ ಸುಣ್ಣದಲ್ಲಿ ವರ್ಷ ವರ್ಷವೂ ಇದೆ.

ಆದರೆ ಆಕ್ಸಿಜನ್‌ಗೆ ಒಂದು ತೊಡಕು. ಅದು ನೀರಿನ ಬಿಸಿಯ ಜೊತೆಗೆ ನೀರು ಎಷ್ಟು ಸಿಹಿ, ಎಷ್ಟು ಉಪ್ಪು ಅನ್ನುವುದನ್ನೂ ಹಿಡಿಯುತ್ತದೆ. ಮಳೆನೀರು, ನದಿನೀರಿನಲ್ಲಿ ಹಗುರ ಆಕ್ಸಿಜನ್ ಜಾಸ್ತಿ. ಮಳೆಗಾಲ ಮುಗಿದ ಮೇಲೆ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆ ಇರುವ ನೀರು, ಅಂದರೆ ಗಂಗಾ, ಬ್ರಹ್ಮಪುತ್ರಾ ನದಿಗಳು ತಂದು ಸುರಿದ ನೀರು ಬೆರೆತದ್ದು, ಶ್ರೀಲಂಕಾವನ್ನು ಸುತ್ತಿ ನವೆಂಬರ್‌ನಿಂದ ಜನವರಿ ಹೊತ್ತಿಗೆ ನಮ್ಮ ಆಗ್ನೇಯ ಅರಬ್ಬಿ ಸಮುದ್ರಕ್ಕೆ ಬರುತ್ತದೆ. ಆಗ ನೀರು ಕಾಯದೇ ಇದ್ದರೂ ಆಕ್ಸಿಜನ್ ಹಗುರಾಗಿ, ಬಿಸಿಯಾದ ಹಾಗೆ ತೋರಬಹುದು. ಒಂದೇ ಪುಡಿಯಲ್ಲಿ ಸ್ಟ್ರಾನ್ಷಿಯಂ ಕೂಡ ಅಳೆದರೆ ಬಿಸಿಯ ಪಾಲು ಗೊತ್ತಾಗುತ್ತದೆ. ಅದನ್ನು ಕಳೆದರೆ ಉಳಿಯುವುದು ಉಪ್ಪಿನ ಕಥೆ. ಹಿಮಾಲಯದ ಕಡೆಯಿಂದ ಹರಿದ ನೀರು ಕವರತ್ತಿಯ ಹವಳದಲ್ಲಿ ಕಾಣಿಸಿಕೊಳ್ಳುತ್ತದೆ ಅನ್ನುವುದನ್ನು ಯೋಚಿಸಿದಾಗೆಲ್ಲಾ ನನಗೆ ರೋಮಾಂಚನವಾಗುತ್ತದೆ.

ಪೆಸಿಫಿಕ್ ನಡುವಿನ ಪಾಮೈರಾ ದ್ವೀಪದಲ್ಲಿ ಇದೇ ತೊಡಕು ವರವಾಯಿತು. ಎಲ್ ನಿನೊ ಬಂದಾಗ ಅಲ್ಲಿ ನೀರೂ ಕಾಯುತ್ತದೆ, ಮಳೆಯೂ ಜಾಸ್ತಿಯಾಗುತ್ತದೆ. ಎರಡೂ ಆಕ್ಸಿಜನ್ ಅನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ಕಿಮ್ ಕಾಬ್ ಮತ್ತು ಜೊತೆಗಾರರು 2003ರಲ್ಲಿ ಅಲ್ಲಿನ ಹವಳಗಳಿಂದ, ದಡಕ್ಕೆ ಬಿದ್ದ ಹಳೆಯ ಹವಳಗಳನ್ನೂ ಸೇರಿಸಿ, ಸುಮಾರು 1,100 ವರ್ಷಗಳ ಅವಧಿಯ ಎಲ್ ನಿನೊ ಚರಿತ್ರೆಯ ತುಣುಕುಗಳನ್ನು ಹೊರತಂದರು.

ಸಹ್ಯಾದ್ರಿಯವಳು
ನದಿ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ ಅಕ್ಕಾ. ಮಣ್ಣು ಕೊಚ್ಚಿಹೋಗುವುದು ಹವಳಕ್ಕೆ ಗೊತ್ತಾಗುತ್ತದಾ? ನಮ್ಮ ಘಟ್ಟದ ಹೊಳೆಗಳು ಜುಲೈನಲ್ಲಿ ಕೆಂಪಗೆ ಹರಿಯುತ್ತವೆ.

ಅರಾಗೋನೈಟ್
ಗೊತ್ತಾಗುತ್ತದೆ, ಬೇರಿಯಂನಿಂದ. ನದಿಯ ಜೇಡಿಮಣ್ಣಿನ ಕಣಗಳಿಗೆ ಬೇರಿಯಂ ಅಂಟಿಕೊಂಡು ಬರುತ್ತದೆ. ಅಳಿವೆಯಲ್ಲಿ ಉಪ್ಪುನೀರು ಸಿಕ್ಕ ತಕ್ಷಣ ಕಣದಿಂದ ಬಿಟ್ಟು ನೀರಿಗೆ ಸೇರುತ್ತದೆ. ಮಣ್ಣು ಅಲ್ಲೇ ತಳಕ್ಕೆ ಕೂತರೂ ಬೇರಿಯಂ ಮುಂದೆ ಹೋಗಿ ಹವಳ ಸೇರುತ್ತದೆ.

ಇದರ ದೊಡ್ಡ ಉದಾಹರಣೆ ಆಸ್ಟ್ರೇಲಿಯಾದ ಬರ್ಡೆಕಿನ್ ನದಿ. ಮ್ಯಾಲ್ಕಮ್ ಮೆಕಲಕ್ ಮತ್ತು ಸಂಗಡಿಗರು 2003ರಲ್ಲಿ ಹವಾನಾ ರೀಫ್‌ನ ಒಂದು ಹವಳದಲ್ಲಿ 1750ರ ಸುಮಾರಿನಿಂದ 1998ರವರೆಗಿನ ಬೇರಿಯಂ ಅಳೆದರು. ಮೊದಲ ನೂರು ವರ್ಷ ಪ್ರವಾಹ ಬಂದಾಗಲೂ ಬೇರಿಯಂ ಹೆಚ್ಚೇನೂ ಏರುತ್ತಿರಲಿಲ್ಲ. 1870ರ ನಂತರ ಪ್ರವಾಹ ಬಂದಾಗಲೆಲ್ಲಾ ಚೂಪಾಗಿ ಏರಲು ಶುರುವಾಯಿತು. ಯುರೋಪಿನವರು ಅಲ್ಲಿ ನೆಲೆಸಿ, ದನ ಕುರಿ ಬಿಟ್ಟು, ಹುಲ್ಲುಗಾವಲು ಬೋಳಾದ ಕಾಲ ಅದು. ಸಮುದ್ರಕ್ಕೆ ಸೇರುವ ಮಣ್ಣು ಐದರಿಂದ ಹತ್ತು ಪಟ್ಟು ಆಯಿತು ಅಂತ ಅವರ ಲೆಕ್ಕ. ದಡದಲ್ಲಿ ಏನಾಯಿತು ಅನ್ನುವುದಕ್ಕೆ ನೀರಿನಡಿಯ ಸಾಕ್ಷಿ ಸಿಕ್ಕಿದ್ದು ಹಾಗೆ.

ನಮ್ಮ ಕಡೆ ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಹವಳ ಇದೆ. ಹೊಳೆಯ ಬೇರಿಯಂ ಅಷ್ಟು ದೂರ ಮುಟ್ಟಿದರೆ ಅಲ್ಲೂ ತತ್ವ ಅದೇ. ಆದರೆ ಡೈವಿಂಗ್‌ಗೆ ಹೋದವರು ದಯವಿಟ್ಟು ಒಂದು ಚೂರನ್ನೂ ಮುರಿದು ತರಬೇಡಿ. ರೀಫ್ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಸಂಶೋಧನೆಗೂ ಅನುಮತಿ ಬೇಕು.

ಕಡಲತಡಿ
ತುಂಬಾ ಧನ್ಯವಾದ ಮೇಡಂ. ಸಂದಿನೊಳಗಿನ ಪಿಎಚ್ 8.5 ಅಂದಿರಲ್ಲ, ಅದನ್ನು ಹೇಗೆ ಅಳೆಯುತ್ತಾರೆ? ಸಮುದ್ರ ಆಮ್ಲೀಯವಾಗುತ್ತಿರುವುದು ಹವಳದಲ್ಲಿ ದಾಖಲಾಗುತ್ತದಾ?

ಅರಾಗೋನೈಟ್
ಜೀವಂತ ಹವಳಕ್ಕೆ ಕೂದಲಿನಷ್ಟು ಸಣ್ಣ ಎಲೆಕ್ಟ್ರೋಡ್ ತೂರಿಸಿ ನೋಡಿದ್ದಾರೆ. ಅಸ್ಥಿಪಂಜರದಿಂದ ತಿಳಿಯಬೇಕಾದರೆ ಬೋರಾನ್ ಬೇಕು. ನೀರಿನಲ್ಲಿ ಬೋರಾನ್ ಎರಡು ರೂಪದಲ್ಲಿರುತ್ತದೆ, ಬೋರಿಕ್ ಆಮ್ಲ ಮತ್ತು ಬೋರೇಟ್. ಪಿಎಚ್ ಏರಿದಷ್ಟೂ ಬೋರೇಟ್ ಜಾಸ್ತಿ. ಭಾರದ ಬೋರಾನ್-11, ಹಗುರ ಬೋರಾನ್-10 ಇವುಗಳ ಪಾಲು ಎರಡು ರೂಪದಲ್ಲೂ ಬೇರೆ ಬೇರೆ, ಅರಾಗೋನೈಟ್‌ಗೆ ಹೋಗುವುದು ಬೋರೇಟ್. ಹಾಗಾಗಿ ಸುಣ್ಣದಲ್ಲಿನ ಬೋರಾನ್-11ರ ಪ್ರಮಾಣದಿಂದ ಹರಳು ಕಟ್ಟಿದಾಗಿನ ಪಿಎಚ್ ಹೇಳಬಹುದು.

ಇಲ್ಲೂ ಅದೇ ಮಾತು. ಸಿಗುವುದು ಸಂದಿನ ಪಿಎಚ್, ಸಮುದ್ರದ್ದಲ್ಲ. ಕೈಗಾರಿಕೆ ಶುರುವಾದಾಗಿನಿಂದ ಸಮುದ್ರದ ಪಿಎಚ್ ಇಳಿದದ್ದು ಸುಮಾರು 0.1. ಒಂದೇ ಹವಳ ಬೇಸಿಗೆಯಿಂದ ಚಳಿಗಾಲಕ್ಕೆ ತನ್ನ ಸಂದಿನ ಪಿಎಚ್ ಅನ್ನು ಅಷ್ಟು ಬದಲಾಯಿಸಿಬಿಡುತ್ತದೆ. ಗ್ರೇಟ್ ಬ್ಯಾರಿಯರ್ ರೀಫ್‌ನ ಪೊರೈಟಿಸ್‌ನಲ್ಲಿ 2017ರಲ್ಲಿ ಕಂಡದ್ದು ಏನೆಂದರೆ, ಚಳಿಗಾಲದಲ್ಲಿ ಪಾಚಿ ಕೊಡುವ ಇಂಗಾಲ ಕಡಿಮೆಯಾದಾಗ ಹವಳ ಪಂಪ್ ಜೋರು ಮಾಡಿ ಪಿಎಚ್ ಏರಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಇಂಗಾಲ ಹೇರಳ, ಪಿಎಚ್ ಸ್ವಲ್ಪ ಇಳಿದರೂ ನಡೆಯುತ್ತದೆ. ಹೀಗೆ ತೂಗಿಸಿಕೊಂಡು ಹೋಗುವ ಶಕ್ತಿ ಅದಕ್ಕಿದೆ. ಆ ಶಕ್ತಿಗೆ ಪಾಚಿ ಬೇಕು. ನೀರು ಮಿತಿಮೀರಿ ಕಾದು ಪಾಚಿ ಬಿಟ್ಟುಹೋಗಿ ಹವಳ ಬೆಳ್ಳಗಾದಾಗ ಪಂಪ್‌ಗೇ ಏಟು. 1998, 2010, 2016ರಲ್ಲಿ ಲಕ್ಷದ್ವೀಪದಲ್ಲಿ ಆಗಿದ್ದು ಅದು. ಬದುಕುಳಿದ ಹವಳಗಳಲ್ಲೂ ಅಂಥ ವರ್ಷದ ಬೆಳವಣಿಗೆ ಕುಂಠಿತವಾಗಿರಬಹುದು. ಸ್ಟ್ರಾನ್ಷಿಯಂ ಲೆಕ್ಕ ಆಗ ಹಳಿ ತಪ್ಪುತ್ತದೆ. ಅತಿ ಬಿಸಿಯ ತಿಂಗಳಲ್ಲಿ ಹವಳ ಸುಣ್ಣ ಕಟ್ಟದೇ ಹೋದರೆ ಆ ತಿಂಗಳು ದಾಖಲೆಯಲ್ಲೇ ಇರುವುದಿಲ್ಲ. ಹಾಗಾಗಿ ಹವಳ ತೋರಿಸುವ ಬಿಸಿ ನಿಜವಾದದ್ದಕ್ಕಿಂತ ಕಡಿಮೆ ಇರಬಹುದು. ಇದನ್ನು ಜನ ಉಲ್ಟಾ ತಿಳಿದುಕೊಳ್ಳುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಲೆಕ್ಕಿಗ
ಅಮೆರಿಕದ ನೋವಾ ಸಂಸ್ಥೆಯ ಹಳೆಯ ಹವಾಮಾನ ಭಂಡಾರದಲ್ಲಿ ಹವಳದ ದತ್ತಾಂಶ ಉಚಿತವಾಗಿ ಸಿಗುತ್ತದೆ. ಒಂದು ಕಡತ ಇಳಿಸಿಕೊಂಡು ಸ್ಟ್ರಾನ್ಷಿಯಂ ಗ್ರಾಫ್ ಹಾಕಿದೆ. ಬೇಸಿಗೆ ಕೆಳಗೆ, ಚಳಿಗಾಲ ಮೇಲೆ ಬಂತು. ತಿಂಗಳುಗಳು ಮಾತ್ರ ಉಪಗ್ರಹದ ದಾಖಲೆಗೆ ಕರಾರುವಾಕ್ಕಾಗಿ ಹೊಂದುತ್ತವೆ. ಅಷ್ಟು ಚೆನ್ನಾಗಿ ಹೊಂದಿದ್ದು ನೋಡಿ ಖುಷಿಯಾಯಿತು.

ಅರಾಗೋನೈಟ್
ಗ್ರಾಫ್‌ನ ಲಂಬ ಅಕ್ಷವನ್ನು ತಲೆಕೆಳಗು ಮಾಡಿ, ಎಲ್ಲರೂ ಹಾಗೇ ಹಾಕುವುದು. ಆಗ ಬಿಸಿ ಮೇಲೆ ಬರುತ್ತದೆ.

ತಿಂಗಳು ಹೊಂದಿದ್ದಕ್ಕೆ ಖುಷಿಪಡುವ ಮುಂಚೆ ಕಡತದ ವಿವರಣೆ ಓದಿ. ಹವಳದ ಮೇಲೆ ತಾರೀಕು ಇರುವುದಿಲ್ಲ. ಸಾಮಾನ್ಯವಾಗಿ ನಾವೇ ವರ್ಷದ ಅತಿ ಹೆಚ್ಚು ಸ್ಟ್ರಾನ್ಷಿಯಂ ಇರುವ ಬಿಂದುವನ್ನು ಅತಿ ತಣ್ಣಗಿನ ತಿಂಗಳಿಗೆ, ಅತಿ ಕಡಿಮೆಯದನ್ನು ಅತಿ ಬಿಸಿ ತಿಂಗಳಿಗೆ ಕಟ್ಟಿ, ನಡುವಿನದ್ದನ್ನು ಸಮನಾಗಿ ಹಂಚುತ್ತೇವೆ. ಹಾಗಾಗಿ ತಿಂಗಳು ಹೊಂದಲೇಬೇಕು, ಅದನ್ನು ಪುರಾವೆ ಅಂತ ಎಣಿಸುವಂತಿಲ್ಲ. ನಿಜವಾದ ಪರೀಕ್ಷೆ ಬೇಕಾದರೆ ವರ್ಷದ ಸರಾಸರಿಗಳನ್ನು ತೆಗೆದುಕೊಂಡು, ಏರಿದ ವರ್ಷ, ಇಳಿದ ವರ್ಷ ಅಳೆದ ದಾಖಲೆಗೆ ಹೊಂದುತ್ತವಾ ನೋಡಿ.

ಲಕ್ಷದ್ವೀಪದ ಕಡತ ಸಿಕ್ಕರೆ ಇನ್ನೂ ಹುಷಾರಾಗಿರಬೇಕು. ಅಲ್ಲಿ ವರ್ಷಕ್ಕೆ ಎರಡು ಸಲ ನೀರು ತಣ್ಣಗಾಗುತ್ತದೆ, ಆಗಸ್ಟ್ ಸುಮಾರಿಗೆ ಒಮ್ಮೆ, ಜನವರಿ ಸುಮಾರಿಗೆ ಇನ್ನೊಮ್ಮೆ. ಯಾವುದನ್ನು ಯಾವುದು ಅಂತ ಹಿಡಿದಿರೋ ಅದರ ಮೇಲೆ ಇಡೀ ವರ್ಷ ಐದು ತಿಂಗಳು ಆಚೀಚೆ ಆಗಿಬಿಡುತ್ತದೆ. ಏಪ್ರಿಲ್-ಮೇ ಬಿಸಿಯ ತುದಿ ಒಂದೇ ಸ್ಪಷ್ಟವಾಗಿರುತ್ತದೆ. ಮೊದಲು ಅದಕ್ಕೆ ಕಟ್ಟಿ, ಆಮೇಲೆ ಉಳಿದದ್ದು.